ಹಳೆ ಕ್ಯಾಲೆಂಡರ್ ಹಾಳೆ, ಒಂದು ಪೆನ್ಸಿಲ್, 32 ಹೆಸರು: ಕರೆಂಟ್ ಇಲ್ಲದ ಊರಲ್ಲಿ ಮಹಿಳಾ ಟೆನಿಸ್ ಟೂರ್ನಿ ನೋಡೋದು ಹೇಗೆ

2025ರ ಜುಲೈ 12, ಶನಿವಾರ. ವಿಂಬಲ್ಡನ್ ಮಹಿಳಾ ಸಿಂಗಲ್ಸ್ ಫೈನಲ್ ನಮ್ಮ ಗಡಿಯಾರದಲ್ಲಿ ರಾತ್ರಿ ಎಂಟೂವರೆಗೆ. ನಮ್ಮ ಮನೆ ಶಿರಸಿ ಪೇಟೆಯಿಂದ ಸಾಕಷ್ಟು ಒಳಗೆ, ಅಡಿಕೆ ತೋಟದ ತಲೆಯಲ್ಲಿ. ಆಷಾಢದ ಮಳೆ ಅಂದ್ರೆ ಗೊತ್ತಲ್ಲ. ಎಂಟಕ್ಕೆ ಕರೆಂಟ್ ಹೋಯಿತು. ಇನ್ವರ್ಟರ್ ಮಧ್ಯಾಹ್ನವೇ ಕೈಕೊಟ್ಟಿತ್ತು. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕ್ ಸಿಗೋದು ಎರಡೇ ಕಡೆ: ಮೆತ್ತಿಯ, ಅಂದ್ರೆ ಅಟ್ಟದ, ಕಿಟಕಿ ಹತ್ತಿರ ಒಂದು ಕಡ್ಡಿ, ಬೇಲಿಯ ದಣಪೆ ಹತ್ತಿರ ಎರಡು ಕಡ್ಡಿ. ಊಟ ಮುಗಿಸಿ, ಇನ್ನೂ ಮೊದಲ ಸೆಟ್ ನಡೀತಿರಬಹುದು ಅಂದುಕೊಂಡು ಕೊಡೆ ಹಿಡಿದು ದಣಪೆವರೆಗೆ ಹೋದೆ. ಸ್ಕೋರ್ ಪುಟ ತೆರೆದರೆ ಒಂದು ಕಡೆ 6, 6. ಇನ್ನೊಂದು ಕಡೆ 0, 0. ಪುಟ ಪೂರ್ತಿ ಲೋಡ್ ಆಗಿಲ್ಲ ಅಂತ ಮೂರು ಸಲ ರಿಫ್ರೆಶ್ ಮಾಡಿದೆ. ಲೋಡ್ ಆಗಿತ್ತು. ಇಗಾ ಶ್ವಿಯಾಂಟೆಕ್ ಅಮಂಡಾ ಅನಿಸಿಮೋವಾಗೆ ಒಂದೇ ಒಂದು ಗೇಮ್ ಕೊಡದೆ 57 ನಿಮಿಷದಲ್ಲಿ ಆಟ ಮುಗಿಸಿದ್ದಳು. ವಿಂಬಲ್ಡನ್ ಮಹಿಳಾ ಫೈನಲ್‌ನಲ್ಲಿ ಹಾಗಾಗಿದ್ದು 1911ರ ನಂತರ ಅದೇ ಮೊದಲು.

ವಾಪಸ್ ಬಂದು, ಚಿಮಣಿ ಬೆಳಕಿನಲ್ಲಿ, ಜಗುಲಿಯ ಗೋಡೆಗೆ ಅಂಟಿಸಿದ್ದ ಹಾಳೆಯ ಕಟ್ಟಕಡೆಯ ಗೆರೆಯ ಮೇಲೆ ಆ ಹೆಸರು ಬರೆದೆ. ಆ ಫೈನಲ್‌ನ ಒಂದು ಚೆಂಡನ್ನೂ ನಾನು ನೋಡಿಲ್ಲ. ಆದರೂ ಟೂರ್ನಿ ತಪ್ಪಿಹೋಯಿತು ಅಂತ ಅನಿಸಲೇ ಇಲ್ಲ, ಯಾಕಂದ್ರೆ ಹದಿನೈದು ದಿನ ಅದು ಆ ಗೋಡೆಯ ಮೇಲೇ ನಡೆದಿತ್ತು.

ಟೆನಿಸ್ ನೋಡಬೇಕು ಅಂತ ಆಸೆ, ಆದರೆ ಕರೆಂಟ್ ಇಲ್ಲ, ನೆಟ್ ಇಲ್ಲ, ಚಾನೆಲ್‌ಗೆ ದುಡ್ಡು ಕಟ್ಟೋಕೆ ಮನಸ್ಸಿಲ್ಲ, ಯಾರು ಯಾರಿಗೆ ಯಾಕೆ ಆಡ್ತಾರೆ ಅಂತಲೂ ಗೊತ್ತಾಗಲ್ಲ ಅನ್ನುವವರಿಗೆ ಇದನ್ನು ಬರೀತಾ ಇದ್ದೇನೆ. ಬೇಕಾಗಿರೋದು ಪೇಪರ್, ಪೆನ್ಸಿಲ್, ದಿನಕ್ಕೆ ಐದು ನಿಮಿಷ ನೆಟ್‌ವರ್ಕ್. ನನ್ನ ಪ್ರಕಾರ ಟೀವಿ ಇದ್ದರೂ ಮೊದಲು ಮಾಡಬೇಕಾದ ಕೆಲಸ ಇದೇ.

ಮೊದಲು ಚಿಕ್ಕ ಟೂರ್ನಿ ಹಿಡಿಯಿರಿ

ಎಲ್ಲರೂ ವಿಂಬಲ್ಡನ್‌ನಿಂದ ಶುರು ಮಾಡ್ತಾರೆ, ಮೂರನೇ ದಿನಕ್ಕೆ ಬಿಟ್ಟುಬಿಡ್ತಾರೆ. ತಪ್ಪು ಅವರದ್ದಲ್ಲ. ಗ್ರ್ಯಾಂಡ್ ಸ್ಲಾಂ, ಅಂದ್ರೆ ವಿಂಬಲ್ಡನ್ ಥರದ ನಾಲ್ಕು ಅತಿದೊಡ್ಡ ಟೂರ್ನಿಗಳಲ್ಲಿ, 128 ಹೆಸರು, 127 ಪಂದ್ಯ. ಮೊದಲ ಸಲಕ್ಕೆ ಅದು ಜಾತ್ರೆಯಲ್ಲಿ ಮಗು ಹುಡುಕಿದ ಹಾಗೆ. ಡಬ್ಲ್ಯೂಟಿಎ (ಮಹಿಳಾ ಟೆನಿಸ್ ಸಂಘ) 250 ಅನ್ನುವ ದರ್ಜೆಯ ಟೂರ್ನಿ ಹಿಡಿಯಿರಿ. 32 ಹೆಸರು, 31 ಪಂದ್ಯ, ಒಂದು ವಾರ, ಒಂದೇ ಹಾಳೆ. 31 ಯಾಕೆ ಅಂತ ಲೆಕ್ಕ ಹಾಕೋದು ಬೇಡ: ಪ್ರತಿ ಪಂದ್ಯಕ್ಕೂ ಒಬ್ಬಳು ಮನೆಗೆ ಹೋಗಬೇಕು, ಕೊನೆಗೆ ಉಳಿಯೋದು ಒಬ್ಬಳೇ.

ದರ್ಜೆಯ ಹೆಸರುಗಳು ಭಾರಿ ಸುಲಭ. 250, 500, 1000 ಅಂದ್ರೆ ಗೆದ್ದವಳಿಗೆ ಸಿಗುವ ರ‍್ಯಾಂಕಿಂಗ್ ಅಂಕ. ಗ್ರ್ಯಾಂಡ್ ಸ್ಲಾಂಗೆ 2000. 250ಕ್ಕಿಂತ ಕೆಳಗೆ 125 ಅಂತ ಒಂದಿದೆ, ಅದಕ್ಕೂ ಕೆಳಗೆ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ನಡೆಸುವ ಸಣ್ಣ ಟೂರ್ನಿಗಳು. ನಮ್ಮ ದೇಶದಲ್ಲಿ ಆಗೋದು ಹೆಚ್ಚಾಗಿ ಈ ಕೆಳಗಿನ ಮೆಟ್ಟಿಲಿನವು. ಅವನ್ನು ಕಡೆಗಣಿಸಬೇಡಿ. 2017ರಲ್ಲಿ ಮುಂಬೈಯ 125 ಟೂರ್ನಿ ಗೆದ್ದ ಹುಡುಗಿ ಅರಿನಾ ಸಬಲೆಂಕಾ, ಆಮೇಲೆ ವಿಶ್ವದ ಒಂದನೇ ನಂಬರ್ ಆದವಳು. ಆವತ್ತು ನಮ್ಮಲ್ಲಿ ಎಷ್ಟು ಜನ ಆ ಹೆಸರು ಕೇಳಿದ್ದೆವು ಹೇಳಿ?

ಹಾಳೆ ಮಡಚುವ ಕ್ರಮ

ಕ್ಯಾಲೆಂಡರ್ ಹಾಳೆಯೇ ಬೇಕು. ಅಂಗಡಿಯವರು, ಸೊಸೈಟಿಯವರು ಕೊಡುವ ಉದ್ದದ ಗೋಡೆ ಕ್ಯಾಲೆಂಡರ್ ಇರುತ್ತದಲ್ಲ, ತಿಂಗಳು ಮುಗಿದ ಹಾಳೆ ಹರಿದು ಇಟ್ಟುಕೊಳ್ಳಿ. ನೋಟ್‌ಬುಕ್ ಹಾಳೆಯಲ್ಲಿ 32 ಸಾಲು ಹಿಡಿಯುತ್ತದೆ ನಿಜ, ಆದರೆ ಹೆಸರುಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ.

ಸ್ಕೇಲ್ ಹಿಡಿದು ಅಳೆಯೋಕೆ ಹೋಗಬೇಡಿ. ಮಡಚಿ. ಖಾಲಿ ಬದಿ ಹೊರಗೆ ಬರುವ ಹಾಗೆ, ಮೇಲಿನ ಅಂಚನ್ನು ತಂದು ಕೆಳಗಿನ ಅಂಚಿಗೆ ಸೇರಿಸಿ, ಲೋಟದ ತಳದಿಂದ ಒತ್ತಿ ಗೆರೆ ಬೀಳಿಸಿ. ಬಿಚ್ಚದೆ ಇನ್ನೊಂದು ಸಲ, ಮತ್ತೊಂದು ಸಲ. ಒಟ್ಟು ಐದು ಮಡಿಕೆಗೆ 32 ಪಟ್ಟಿ ಆಗುತ್ತದೆ. ಐದನೆಯದು ಸುಲಭಕ್ಕೆ ಕೂರುವುದಿಲ್ಲ, ಕ್ಯಾಲೆಂಡರ್ ಹಾಳೆ ದಪ್ಪ. ನಾನು ನಾಲ್ಕೇ ಮಡಚಿ, ಬಿಡಿಸಿ, ಪ್ರತಿ ಪಟ್ಟಿಯ ನಡುವೆ ಕಣ್ಣಂದಾಜಿನಲ್ಲಿ ಪೆನ್ಸಿಲ್ ಗೆರೆ ಎಳೆಯುತ್ತೇನೆ.

ಈಗ ಹಾಳೆಯನ್ನು ಬಿಚ್ಚಿ ನೆಲದ ಮೇಲೆ ಹರಡಿ, ಆ ಮಡಿಕೆಯ ಗೆರೆಗಳನ್ನು ಸ್ವಲ್ಪ ಹೊತ್ತು ನೋಡಿ. ಟೂರ್ನಿಯ ಗುಟ್ಟೆಲ್ಲ ಅಲ್ಲೇ ಇದೆ. ಮೊದಲ ಮಡಿಕೆ ಹಾಳೆಯನ್ನು ಎರಡು ಮಾಡಿತು: ಮೇಲಿನ ಅರ್ಧದವರು ಕೆಳಗಿನ ಅರ್ಧದವರನ್ನು ಫೈನಲ್‌ನಲ್ಲಿ ಬಿಟ್ಟರೆ ಬೇರೆಲ್ಲೂ ಎದುರಿಸೋಕೆ ಆಗೋದೇ ಇಲ್ಲ. ಎರಡನೇ ಮಡಿಕೆಗೆ ನಾಲ್ಕು ಭಾಗ, ಒಂದೊಂದರಿಂದ ಒಬ್ಬಳು ಸೆಮಿಫೈನಲ್‌ಗೆ. ಮೂರನೆಯದಕ್ಕೆ ಎಂಟು ಭಾಗ, ಒಂದೊಂದರಿಂದ ಒಬ್ಬಳು ಕ್ವಾರ್ಟರ್ ಫೈನಲ್‌ಗೆ. ಈ ಎಂಟು ಭಾಗಗಳಲ್ಲಿ ಒಂದೊಂದರಲ್ಲಿ ಒಬ್ಬಳು ಶ್ರೇಯಾಂಕದ ಆಟಗಾರ್ತಿ ಇರುತ್ತಾಳೆ. ಅಂದ್ರೆ ಬಲಿಷ್ಠ ಎಂಟು ಜನ ಮೊದಲ ಎರಡು ಸುತ್ತಿನಲ್ಲಿ ಒಬ್ಬರನ್ನೊಬ್ಬರು ಹೊಡೆದು ಹಾಕಬಾರದು ಅಂತ ಬೇಕಂತಲೇ ದೂರ ಕೂರಿಸುತ್ತಾರೆ. ಪತ್ರಿಕೆಯಲ್ಲಿ "ಮೂರನೇ ಶ್ರೇಯಾಂಕದ ಆಟಗಾರ್ತಿ" ಅಂತ ವರ್ಷಗಟ್ಟಲೆ ಓದುತ್ತಾ ಬಂದಿದ್ದೆ. ಅದು ಬರೀ ಗೌರವದ ಮಾತಲ್ಲ, ಕೂರುವ ಜಾಗದ ಮಾತು ಅಂತ ನನಗೆ ಗೊತ್ತಾಗಿದ್ದು ಹಾಳೆ ಮಡಚಿದ ಮೇಲೇ.

ಯಾರು ಎಲ್ಲಿ ಕೂರುತ್ತಾರೆ ಅನ್ನುವುದಕ್ಕೂ ಕ್ರಮ ಇದೆ. ಸಾಲುಗಳಿಗೆ ಮೇಲಿಂದ ಕೆಳಗೆ 1ರಿಂದ 32ರವರೆಗೆ ನಂಬರ್ ಹಾಕಿ. ಒಂದನೇ ಶ್ರೇಯಾಂಕ 1ನೇ ಸಾಲಿಗೆ, ಎರಡನೆಯದು 32ನೇ ಸಾಲಿಗೆ. ಇದರಲ್ಲಿ ಅದೃಷ್ಟದ ಮಾತಿಲ್ಲ. ಮೂರು, ನಾಲ್ಕಕ್ಕೆ 9 ಮತ್ತು 24, ಯಾರಿಗೆ ಯಾವುದು ಅಂತ ಚೀಟಿ ಎತ್ತುತ್ತಾರೆ. ಐದರಿಂದ ಎಂಟರವರೆಗಿನವರಿಗೆ 8, 16, 17, 25, ಅದೂ ಚೀಟಿ. ಉಳಿದ 24 ಜನ ಎಲ್ಲಿ ಬೇಕಾದರೂ ಬೀಳಬಹುದು. ಮೊದಲ ಸುತ್ತಿಗೇ ಒಂದನೇ ಶ್ರೇಯಾಂಕದವಳು ಗಂಟುಬಿದ್ದರೆ ಅದು ಹಣೆಬರಹ, ದೂರು ಕೊಡೋಕೆ ಆಗಲ್ಲ.

ಡ್ರಾ, ಅಂದ್ರೆ ಯಾರು ಯಾವ ಸಾಲಿನಲ್ಲಿ ಅನ್ನುವ ಪಟ್ಟಿ, ಸಾಮಾನ್ಯವಾಗಿ ಟೂರ್ನಿ ಶುರುವಾಗುವ ಒಂದೆರಡು ದಿನ ಮೊದಲು ಬರುತ್ತದೆ. ಬಂದ ತಕ್ಷಣ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆಮೇಲೆ ನೆಟ್ ಬೇಡ. ಕೂತು ಎಡ ಅಂಚಿನಲ್ಲಿ ಹೆಸರು ಬರೆಯಿರಿ. 1 ಮತ್ತು 2, 3 ಮತ್ತು 4, ಹೀಗೆ ಜೋಡಿ ಜೋಡಿ ಆಡ್ತಾರೆ. ಗೆದ್ದವಳ ಹೆಸರನ್ನು ಬಲಕ್ಕೆ ಹೊಸ ಗೆರೆ ಎಳೆದು ಬರೆಯುತ್ತಾ ಹೋದರೆ ಕೊನೆಗೆ ಒಂದೇ ಗೆರೆ ಉಳಿಯುತ್ತದೆ. ಕನ್ನಡದಲ್ಲೇ ಬರೆಯಿರಿ, ಉಚ್ಚಾರ ಕುಲಗೆಟ್ಟರೂ ಅಡ್ಡಿಲ್ಲ. ಕೈಯಾರೆ ಬರೆದ ಹೆಸರು ಮರೆತುಹೋಗಲ್ಲ. ನಮ್ಮ ಆಯಿಗೆ ಎಪ್ಪತ್ತೆರಡು ವರ್ಷ, ಕ್ರೆಜಿಕೋವಾ, ವೊಂಡ್ರುಸೋವಾ ಎರಡನ್ನೂ ತಪ್ಪಿಲ್ಲದೆ ಹೇಳ್ತಾಳೆ. ಹಾಳೆಯಲ್ಲಿ ದಿನಾ ಕಣ್ಣಿಗೆ ಬಿದ್ದಿದ್ದಕ್ಕೆ ಅಷ್ಟೇ.

ಹೆಸರಿನ ಪಕ್ಕದ ಅಕ್ಷರಗಳು

ಕೆಲವು ಹೆಸರಿನ ಪಕ್ಕ ಒಂದೆರಡು ಇಂಗ್ಲಿಷ್ ಅಕ್ಷರ ಇರುತ್ತದೆ. ನನಗೆ ಕೇಳಿದರೆ ಶ್ರೇಯಾಂಕದವರಿಗಿಂತ ಇವರ ಕಥೆಯೇ ರುಚಿ.

ಕ್ಯೂ ಅಂದ್ರೆ ಅರ್ಹತಾ ಸುತ್ತಿನಿಂದ ಗೆದ್ದು ಬಂದವಳು. ನೇರ ಪ್ರವೇಶಕ್ಕೆ ರ‍್ಯಾಂಕಿಂಗ್ ಸಾಲದವರು ಮೊದಲು ಬೇರೆ ಪಂದ್ಯ ಆಡಿ, ಗೆದ್ದು, ಆಮೇಲೆ ಪ್ರಧಾನ ಸುತ್ತಿಗೆ ಬರಬೇಕು. ಡ್ರಾ ಬಂದಾಗ ಆ ಜಾಗಗಳು ಖಾಲಿ ಇರುತ್ತವೆ, ಹಾಳೆಯಲ್ಲೂ ಖಾಲಿ ಬಿಡಿ, ಎರಡು ದಿನ ಬಿಟ್ಟು ತುಂಬಿ. ಗ್ರ್ಯಾಂಡ್ ಸ್ಲಾಂನಲ್ಲಿ ಇಂಥ ಅರ್ಹತಾ ಪಂದ್ಯ ಮೂರು. 2021ರ ಯುಎಸ್ ಓಪನ್‌ನಲ್ಲಿ ಎಮ್ಮಾ ರಾಡುಕಾನು ಅನ್ನುವ 18 ವರ್ಷದ ಹುಡುಗಿ ಈ ಮೂರು ಗೆದ್ದು ಒಳಗೆ ಬಂದಳು, ಒಳಗೆ ಏಳು ಗೆದ್ದಳು, ಹತ್ತು ಪಂದ್ಯದಲ್ಲಿ ಒಂದು ಸೆಟ್ ಕೂಡ ಬಿಟ್ಟುಕೊಡದೆ ಟ್ರೋಫಿ ಒಯ್ದಳು. ಅರ್ಹತಾ ಸುತ್ತಿನಿಂದ ಬಂದು ಗ್ರ್ಯಾಂಡ್ ಸ್ಲಾಂ ಸಿಂಗಲ್ಸ್ ಗೆದ್ದಿದ್ದು, ಗಂಡಸರನ್ನೂ ಸೇರಿಸಿ, ಓಪನ್ ಯುಗದಲ್ಲಿ (1968ರಿಂದ ಈಚೆಗೆ) ಅದೇ ಮೊದಲು. ನಮ್ಮ ಹತ್ತಿರದ ಉದಾಹರಣೆ ಬೇಕಾದರೆ 2025ರ ಮುಂಬೈ ಓಪನ್: ಕೊಯಮತ್ತೂರಿನ ಮಾಯಾ ರಾಜೇಶ್ವರನ್, ಆಗ 15 ವರ್ಷ, ಅರ್ಹತಾ ಸುತ್ತಿನಿಂದ ಶುರು ಮಾಡಿ ಸೆಮಿಫೈನಲ್‌ವರೆಗೆ ಹೋದಳು. ಸೋತಿದ್ದು ಜಿಲ್ ಟೈಷ್ಮನ್‌ಗೆ, ಅವಳೇ ಆಮೇಲೆ ಟೂರ್ನಿ ಗೆದ್ದಿದ್ದು.

ಡಬ್ಲ್ಯೂಸಿ ಅಂದ್ರೆ ವೈಲ್ಡ್ ಕಾರ್ಡ್, ಸಂಘಟಕರು ಕರೆದು ಕೂರಿಸಿದವರು. ಹೆಚ್ಚಾಗಿ ಆ ಊರಿನ, ಆ ದೇಶದ ಹುಡುಗಿಯರಿಗೆ ಸಿಗುತ್ತದೆ. ಪಿಆರ್ ಅಂದ್ರೆ ಗಾಯ ಅಥವಾ ಬಾಣಂತನದಿಂದ ಬಹಳ ಕಾಲ ಆಡದೆ ಇದ್ದು, ಹಳೆಯ ರ‍್ಯಾಂಕಿಂಗ್ ಮೇಲೆ ಪ್ರವೇಶ ಪಡೆದವಳು.

ಎಲ್‌ಎಲ್ ಇದೆಯಲ್ಲ, ಅದು ಲಕ್ಕಿ ಲೂಸರ್. ಅರ್ಹತಾ ಸುತ್ತಿನ ಕೊನೆಯ ಪಂದ್ಯ ಸೋತಿರುತ್ತಾಳೆ, ಬ್ಯಾಗ್ ಕಟ್ಟಿರುತ್ತಾಳೆ, ಅಷ್ಟರಲ್ಲಿ ಒಳಗಿನ ಒಬ್ಬಳಿಗೆ ಗಾಯ ಆಗಿ ಆಡೋಕೆ ಆಗಲ್ಲ ಅನ್ನುತ್ತಾಳೆ, ಇವಳನ್ನು ಕರೆಯುತ್ತಾರೆ. 2019ರಲ್ಲಿ ಆಸ್ಟ್ರಿಯಾದ ಲಿಂಝ್‌ನಲ್ಲಿ ಹೀಗೆ ಸೋತು ಒಳಗೆ ಬಂದ 15 ವರ್ಷದ ಕೊಕೊ ಗಾಫ್ ಆ ಟೂರ್ನಿಯನ್ನೇ ಗೆದ್ದುಬಿಟ್ಟಳು. ಅದು ಅವಳ ಮೊದಲ ಡಬ್ಲ್ಯೂಟಿಎ ಪ್ರಶಸ್ತಿ. ಈ ಕಥೆ ಹೇಳಿದಾಗ ಆಯಿ, "ಸೋತವಕ್ಕೂ ಎಲೆ ಹಾಕ್ತ್ವಾ?" ಅಂತ ಕೇಳಿದಳು. ಹಾಕ್ತಾರೆ, ಪಂಕ್ತಿಯಲ್ಲಿ ಒಂದು ಎಲೆ ಖಾಲಿ ಬಿದ್ದರೆ.

ಈಗ ಕೆಲಸ ಇಷ್ಟೇ: ಹಾಳೆಯಿಂದ ಇಬ್ಬರನ್ನು ಆರಿಸಿಕೊಳ್ಳಿ. ಒಬ್ಬಳು ಶ್ರೇಯಾಂಕದವಳು, ಇನ್ನೊಬ್ಬಳು ಈ ಅಕ್ಷರದವಳು. ಹೆಸರಿನ ಕೆಳಗೆ ಕೆಂಪು ಗೆರೆ ಎಳೆಯಿರಿ. ಟೂರ್ನಿ ನೋಡೋದು ಅಂದ್ರೆ ಈ ಇಬ್ಬರ ಗೆರೆ ಬಲಕ್ಕೆ ಎಷ್ಟು ದೂರ ಹೋಗುತ್ತದೆ ಅಂತ ಕಾಯೋದು.

ಒಂದು ಹಳೆ ಹಾಳೆ

ನನ್ನ ಹತ್ತಿರ 2022ರ ಚೆನ್ನೈ ಓಪನ್ ಹಾಳೆ ಇನ್ನೂ ಇದೆ. 250 ದರ್ಜೆ, ಸೆಪ್ಟೆಂಬರ್ ತಿಂಗಳು, ನುಂಗಂಬಾಕ್ಕಂ ಸ್ಟೇಡಿಯಂ. ಒಂದು ಮೂಲೆ ಒದ್ದೆಯಾಗಿ ಶಾಯಿ ಹರಡಿದೆ. ಅದರಲ್ಲಿ ನನ್ನ ಕೆಂಪು ಗೆರೆ ನಮ್ಮ ದೇಶದ ಕರ್ಮನ್ ಕೌರ್ ಥಾಂಡಿ ಹೆಸರಿನ ಕೆಳಗೆ. ಮೊದಲ ಸುತ್ತಿಗೇ ಎಂಟನೇ ಶ್ರೇಯಾಂಕದ ಫ್ರಾನ್ಸ್‌ನ ಕ್ಲೋಯಿ ಪಾಕೆ ಸಿಕ್ಕಿದ್ದಳು. ಹೋಯಿತು ಅಂದುಕೊಂಡೆ. 4-6, 6-4, 6-3ರಲ್ಲಿ ಕರ್ಮನ್ ಗೆದ್ದಳು. ಹಾಳೆಯಲ್ಲಿ ಎಂಟರಲ್ಲಿ ಒಂದು ಭಾಗ ಖಾಲಿಯಾಯಿತು ನೋಡಿ, ಆ ಭಾಗಕ್ಕೆ ಇನ್ನು ಯಜಮಾನಿಯೇ ಇಲ್ಲ, ಯಾರು ಬೇಕಾದರೂ ಕ್ವಾರ್ಟರ್ ಫೈನಲ್‌ಗೆ ಹೋಗಬಹುದು. ಟೀವಿಯಲ್ಲಿ ನೋಡುವವರಿಗೆ ಅದು ಒಂದು ಗೆಲುವು ಮಾತ್ರ. ಹಾಳೆ ಮುಂದಿದ್ದವರಿಗೆ ದಾರಿ ತೆರೆದಿದ್ದೂ ಕಾಣುತ್ತದೆ. ಎರಡನೇ ಸುತ್ತಿನಲ್ಲಿ ಎದುರಾದವಳು ಯೂಜಿನಿ ಬೌಷಾರ್ಡ್, ಹಿಂದೆ 2014ರಲ್ಲಿ ವಿಂಬಲ್ಡನ್ ಫೈನಲ್ ಆಡಿದವಳು. ಕರ್ಮನ್ ಗೆರೆ ಅಲ್ಲಿಗೆ ನಿಂತಿತು.

ಆ ಹಾಳೆಯ ಕೊನೆಯ ಗೆರೆಯ ಮೇಲಿನ ಹೆಸರು ಲಿಂಡಾ ಫ್ರುಹ್ವಿರ್ತೋವಾ. ಝೆಕ್ ಹುಡುಗಿ, 17 ವರ್ಷ, ಶ್ರೇಯಾಂಕ ಇರಲಿಲ್ಲ. ಫೈನಲ್‌ನಲ್ಲಿ ಮೂರನೇ ಶ್ರೇಯಾಂಕದ ಮಗ್ಡಾ ಲಿನೆಟ್ ವಿರುದ್ಧ 4-6, 6-3, 6-4. ನಾನು ಅವಳ ಹೆಸರು ಬರೆಯುವಾಗ ಅಕ್ಷರ ಹಿಡಿಸದೆ ಪಕ್ಕದ ಸಾಲಿಗೆ ನುಗ್ಗಿಸಿದ್ದೆ. ಅದೇ ಹೆಸರನ್ನು ಆರು ಸಲ ಬರೆಯಬೇಕಾಗಿ ಬಂತು.

ಅಂಕದ ಲೆಕ್ಕ ಅಂಚಿನಲ್ಲಿ ಬರೆದುಕೊಳ್ಳಿ

ಹಾಳೆಯ ಮೇಲಿನ ಅಂಚಿನಲ್ಲಿ, ಪ್ರತಿ ಸುತ್ತಿನ ನೆತ್ತಿಗೆ, ಅಲ್ಲಿ ಸೋತರೆ ಎಷ್ಟು ಅಂಕ ಅಂತ ಬರೆಯಿರಿ. 250 ಟೂರ್ನಿಗೆ: ಮೊದಲ ಸುತ್ತು 1, ಎರಡನೇ ಸುತ್ತು 30, ಕ್ವಾರ್ಟರ್ 54, ಸೆಮಿ 98, ಫೈನಲ್ 163, ಗೆದ್ದರೆ 250. ಮೊದಲ ಸಾಲನ್ನು ಇನ್ನೊಮ್ಮೆ ಓದಿ. ವಿಮಾನ ಹತ್ತಿ ಬಂದು, ಕೋಚ್‌ಗೆ ಕೊಟ್ಟು, ಹೋಟೆಲ್‌ನಲ್ಲಿದ್ದು, ಎರಡು ಗಂಟೆ ಬೆವರಿಳಿಸಿ ಸೋತರೆ ಒಂದು ಅಂಕ. ಒಂದು ಪಂದ್ಯ ಗೆದ್ದರೆ 30. ಮೊದಲ ಸುತ್ತಿನಲ್ಲಿ ಅವರು ಯಾಕೆ ಹಾಗೆ ಜೀವ ಬಿಟ್ಟು ಆಡ್ತಾರೆ ಅಂತ ಇದು ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ, ಇದನ್ನು ಅರ್ಥ ಮಾಡಿಸೋಕೆ ನಮ್ಮ ಕಡೆಯವರಿಗೆ ಕಷ್ಟವೇ ಇಲ್ಲ. ಸೊಸೈಟಿಯ ಬೆಳೆಸಾಲ ಇದೆಯಲ್ಲ, ವರ್ಷಕ್ಕೊಮ್ಮೆ ಕಟ್ಟಿ ಮತ್ತೆ ತೆಗೆಯಬೇಕು. ರ‍್ಯಾಂಕಿಂಗ್ ಅಂಕವೂ ಹಾಗೇ. ಸಿಕ್ಕಿದ ಅಂಕ 52 ವಾರ ಇರುತ್ತದೆ, ಆಮೇಲೆ ಹೋಗುತ್ತದೆ. ಕಳೆದ ವರ್ಷ ಈ ವಾರ 250 ಗಳಿಸಿದವಳು ಈ ವರ್ಷ ಅದೇ ವಾರ ಮೊದಲ ಸುತ್ತಿನಲ್ಲಿ ಸೋತರೆ 250 ಹೋಯಿತು, 1 ಬಂತು. ಪತ್ರಿಕೆಯಲ್ಲಿ "ಹಾಲಿ ಚಾಂಪಿಯನ್ ಒತ್ತಡದಲ್ಲಿ" ಅಂತ ಬರೀತಾರೆ, ಒತ್ತಡ ಯಾಕೆ ಅಂತ ಹೇಳಲ್ಲ. ಇದಕ್ಕೆ. ಚಾಂಪಿಯನ್ ಪಟ್ಟಕ್ಕಿಂತ ಜಾಸ್ತಿ ಇದಕ್ಕೆ.

ಸ್ಕೋರ್ ಓದೋದು

ಮಹಿಳೆಯರ ಸಿಂಗಲ್ಸ್ ಮೂರು ಸೆಟ್‌ಗಳ ಆಟ, ಎರಡು ಗೆದ್ದರೆ ಮುಗಿಯಿತು. ಆರು ಗೇಮ್‌ಗೆ ಒಂದು ಸೆಟ್, ಆದರೆ ಎರಡು ಗೇಮ್ ಅಂತರ ಬೇಕು, 6-6 ಆದರೆ ಟೈಬ್ರೇಕರ್, ಅದು 7 ಅಂಕಕ್ಕೆ, ಅಲ್ಲೂ ಎರಡರ ಅಂತರ ಬೇಕು. ಇಷ್ಟು ಎಲ್ಲರಿಗೂ ಗೊತ್ತು. ಆವರಣದೊಳಗಿನ ಸಂಖ್ಯೆ ಮಾತ್ರ ತುಂಬಾ ಜನರಿಗೆ ಗೊಂದಲ. 2025ರ ಫ್ರೆಂಚ್ ಓಪನ್ ಫೈನಲ್ ತಗೊಳ್ಳಿ: ಗಾಫ್ ಸಬಲೆಂಕಾ ವಿರುದ್ಧ 6-7(5), 6-2, 6-4. ಆ 5 ಟೈಬ್ರೇಕರ್ ಸೋತವಳ ಅಂಕ. ಗೆದ್ದವಳದ್ದು 7 ಅಂತ ನಾವೇ ತಿಳಿದುಕೊಳ್ಳಬೇಕು. ಆವರಣದಲ್ಲಿ 8 ಇದ್ದರೆ 10-8. ಆ ಸಂಖ್ಯೆ ದೊಡ್ಡದಿದ್ದಷ್ಟೂ ಅಲ್ಲಿ ಯಾರೋ ಉಗುರು ಕಚ್ಚಿಕೊಂಡಿದ್ದಾರೆ ಅಂತ ಅರ್ಥ. ಗ್ರ್ಯಾಂಡ್ ಸ್ಲಾಂಗಳಲ್ಲಿ ಕೊನೆಯ ಸೆಟ್‌ನ ಟೈಬ್ರೇಕರ್ 2022ರಿಂದ 10 ಅಂಕಕ್ಕೆ, ಅದು ನೆನಪಿರಲಿ.

ಸ್ಕೋರ್‌ನಿಂದ ಆಟದ ಕಥೆ ಊಹಿಸೋದು ಒಂದು ಅಭ್ಯಾಸ. 1-6, 7-6(9), 6-1 ಅಂತ ಕಂಡರೆ, ಒಬ್ಬಳು ಸುಲಭವಾಗಿ ಗೆಲ್ಲುವ ಪಂದ್ಯವನ್ನು ಎರಡನೇ ಸೆಟ್‌ನ ಯಾವುದೋ ಒಂದು ಚೆಂಡಿನಲ್ಲಿ ಕಳೆದುಕೊಂಡು, ಆಮೇಲೆ ಮನಸ್ಸೇ ಮುರಿದುಕೊಂಡಳು ಅಂತ ಹೇಳಬಹುದು. ಹತ್ತಕ್ಕೆ ಎಂಟು ಸಲ ನಿಜ ಇರುತ್ತದೆ. ಇನ್ನೆರಡು ಸಲ ಗಾಯ ಆಗಿರುತ್ತದೆ.

ಆಟಕ್ಕೂ ನಮ್ಮ ಕೆಲಸಕ್ಕೂ ಹೊತ್ತು ಹೊಂದಿಸೋದು

ಇದು ನನಗೆ ಬಹಳ ಇಷ್ಟದ ಭಾಗ. ನಾಲ್ಕು ಗ್ರ್ಯಾಂಡ್ ಸ್ಲಾಂಗಳೂ ನಮ್ಮ ಘಟ್ಟದ ಮೇಲಿನ ನಾಲ್ಕು ಕಾಲಕ್ಕೆ ಸರಿಯಾಗಿ ಬರುತ್ತವೆ, ಯಾರೋ ಕೂತು ಹೊಂದಿಸಿದ ಹಾಗೆ.

ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್. ಅಡಿಕೆಯ ಕೊನೆಕೊಯ್ಲಿನ ಕಾಲ. ಮೆಲ್ಬರ್ನ್‌ನಲ್ಲಿ ಬೆಳಗ್ಗೆ 11ಕ್ಕೆ ಆಟ ಶುರುವಾದಾಗ ನಮಗೆ 5:30, ಅಡಿಕೆ ಬೇಯಿಸುವ ಹಂಡೆಗೆ ಬೆಂಕಿ ಹಾಕುವ ಹೊತ್ತು. ಮಹಿಳಾ ಫೈನಲ್ ಶನಿವಾರ ಮಧ್ಯಾಹ್ನ 2ಕ್ಕೆ, ಊಟ ಮಾಡಿ ಅಡಿಕೆ ಸುಲಿಯೋಕೆ ಕೂತಾಗ. ರೇಡಿಯೋ ಥರ ಮೊಬೈಲ್ ಇಟ್ಟುಕೊಂಡರೆ ಆಯಿತು, ಕೈ ಖಾಲಿ ಇರಲ್ಲ. ಮೇ ಕೊನೆಗೆ ಫ್ರೆಂಚ್ ಓಪನ್, ಮಧ್ಯಾಹ್ನ 2:30ರಿಂದ. ಹಲಸಿನ ಹಪ್ಪಳ ಅಂಗಳದಲ್ಲಿ ಒಣಗ್ತಾ ಇರುತ್ತದೆ, ಒಂದು ಕಣ್ಣು ಕಾಗೆ ಮೇಲೆ, ಒಂದು ಮೋಡದ ಮೇಲೆ, ಮಧ್ಯೆ ಸ್ಕೋರ್. ಜೂನ್ ಕೊನೆಗೆ ವಿಂಬಲ್ಡನ್. ಹೊರಗಿನ ಕೋರ್ಟ್‌ಗಳಲ್ಲಿ 3:30ಕ್ಕೆ, ಸೆಂಟರ್ ಕೋರ್ಟ್‌ನಲ್ಲಿ ಸಂಜೆ 6ಕ್ಕೆ. ಅದೇ ಹಪ್ಪಳ ಸುಟ್ಟು ತಿನ್ನುವ ಕಾಲ. ಅಲ್ಲೂ ಮಳೆ, ಇಲ್ಲೂ ಮಳೆ. ಅವರಿಗೆ ಹನಿ ಬಿದ್ದರೆ ಟಾರ್ಪಲ್ ಎಳೆದು ಆಟ ನಿಲ್ಲಿಸ್ತಾರೆ, ನಮಗೆ ಮಳೆ ಹೊಳವಾದರೆ ಅಡಿಕೆ ಮರ ಹತ್ತುವ ಕೊನೆಗೌಡನನ್ನು ಕರೆದು ಕೊಳೆರೋಗಕ್ಕೆ ಮದ್ದು ಹೊಡೆಸಬೇಕು. ಆಗಸ್ಟ್ ಕೊನೆಗೆ ಯುಎಸ್ ಓಪನ್, ಹಗಲಿನ ಆಟ ರಾತ್ರಿ 8:30ರ ಸುಮಾರಿಗೆ, ರಾತ್ರಿಯ ಆಟ ಬೆಳಗಿನ ಜಾವ 4:30ಕ್ಕೆ. ಚೌತಿ ಹತ್ತಿರ. ಚಕ್ಕುಲಿ ಕಂಬಳದ ದಿನ ಅಕ್ಕಪಕ್ಕದ ಮನೆಯವರೆಲ್ಲ ಸೇರಿರುತ್ತಾರೆ, ಹಿಟ್ಟು ಹೊಸೆದು ಸುತ್ತುವಾಗ ನಾನು ಒಂದು ಸಲ ಡ್ರಾ ಹಾಳೆ ತಂದು ವಿವರಿಸೋಕೆ ಹೋದೆ. ಕೈಗೆ ಎಣ್ಣೆ ಮೆತ್ತಿಕೊಂಡವರ ನಡುವೆ ಪೇಪರ್ ತರಬಾರದು. ಇದೂ ಒಂದು ಸೂಚನೆ ಅಂತಲೇ ತಿಳಿದುಕೊಳ್ಳಿ.

ಮರುದಿನದ ಪಂದ್ಯಪಟ್ಟಿ ಹಿಂದಿನ ದಿನವೇ ಬರುತ್ತದೆ. ಅದರಲ್ಲಿ ಒಂದು ಕೋರ್ಟ್‌ನ ಮೊದಲ ಪಂದ್ಯಕ್ಕೆ ಮಾತ್ರ ಗಂಟೆ ಬರೆದಿರುತ್ತದೆ, ಉಳಿದವು "ಇದಾದ ಮೇಲೆ" ಅಷ್ಟೇ. ಕೆಲವಕ್ಕೆ "ಇಷ್ಟು ಗಂಟೆಗೆ ಮೊದಲು ಇಲ್ಲ" ಅಂತ ಇರುತ್ತದೆ. ಆ ಗಂಟೆಗೇ ಶುರು ಅಂತ ತಿಳಿದು ಕಾದು ಕೂರಬೇಡಿ. ಒಂದು ಪಂದ್ಯಕ್ಕೆ ಒಂದೂವರೆ, ಎರಡು ಗಂಟೆ ಅಂತ ಹಿಡಿದು ಅಂದಾಜು ಮಾಡಿ, ಮಧ್ಯೆ ಕೊಟ್ಟಿಗೆ ಕೆಲಸ ಮುಗಿಸಿಬನ್ನಿ.

ನೆಟ್ ಇಲ್ಲದವರಿಗೆ ಇನ್ನೊಂದು ಉಪಾಯ: ನೆಟ್ ಇರುವ ಊರಲ್ಲಿ ಒಬ್ಬ ಗೆಳೆಯ. ನನಗೆ ಕಾರವಾರದಲ್ಲಿ ಒಬ್ಬನಿದ್ದಾನೆ, ಬೋಟಿನ ಕೆಲಸ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಬೈತಖೋಲ ಬಂದರಿನಲ್ಲಿ ಬೋಟು ಕಟ್ಟಿಹಾಕಿ ಅವನು ಬಲೆ ರಿಪೇರಿ ಮಾಡ್ತಾ ವಿಂಬಲ್ಡನ್ ಪೂರ್ತಿ ನೋಡ್ತಾನೆ. ದಿನಾ ರಾತ್ರಿ ಲ್ಯಾಂಡ್‌ಲೈನ್‌ಗೆ ಫೋನ್. "ಬರ್ಕೋ ಮಾರಾಯಾ" ಅಂತ ಶುರು ಮಾಡಿ ಒಂದೊಂದೇ ಸ್ಕೋರ್ ಓದ್ತಾನೆ, ನಾನು ಹಾಳೆ ಮುಂದೆ ಪೆನ್ಸಿಲ್ ಹಿಡಿದು ನಿಂತಿರ್ತೇನೆ. 2025ರಲ್ಲಿ ಸಬಲೆಂಕಾ ಸೆಮಿಫೈನಲ್ ಸೋತ ದಿನ ಅವನು ಹೇಳಿದ ಸ್ಕೋರ್ ಉಲ್ಟಾ ಇರಬೇಕು ಅಂತ ನಾನು ವಾದ ಮಾಡಿದೆ. ಅನಿಸಿಮೋವಾ 6-4, 4-6, 6-4. ಉಲ್ಟಾ ಇರಲಿಲ್ಲ. ಒಂದನೇ ಸಾಲಿನ ಹೆಸರು ಸೆಮಿಫೈನಲ್‌ನಲ್ಲಿ ನಿಂತಿತು.

ಕಣ್ಣಾರೆ ನೋಡಬೇಕು ಅಂದರೆ

ಒಂದು ಸಲವಾದರೂ ಹೋಗಿ. ದೊಡ್ಡ ಟೂರ್ನಿಯೇ ಬೇಕು ಅಂತ ಇಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕ್ ಒಳಗೆ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕೋರ್ಟ್‌ಗಳಿವೆ, ಅಲ್ಲಿ ಐಟಿಎಫ್ ಮಹಿಳಾ ಟೂರ್ನಿಗಳು ಆಗಾಗ ಆಗುತ್ತವೆ. 2008ರಲ್ಲಿ ಅದೇ ಅಂಗಳದಲ್ಲಿ ಸೆರೆನಾ ಮತ್ತು ವೀನಸ್ ವಿಲಿಯಮ್ಸ್ ಸೆಮಿಫೈನಲ್ ಆಡಿದ್ದರು, ತಂಗಿ ಸೆರೆನಾ 6-3, 3-6, 7-6(4)ರಲ್ಲಿ ಅಕ್ಕನನ್ನು ಸೋಲಿಸಿ, ಮರುದಿನ ಪ್ಯಾಟಿ ಷ್ನೈಡರ್ ಮೇಲೆ ಫೈನಲ್ ಗೆದ್ದಳು. ಈಗ ಬರುವವರು ಅಂಥ ಹೆಸರಿನವರಲ್ಲ. ಆದರೆ ನೀವು ಬೇಲಿಯ ಈ ಕಡೆ, ಅವಳು ಆ ಕಡೆ, ನಡುವೆ ಹತ್ತಡಿ.

ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ರಾತ್ರಿ ಮಲಗಿದರೆ ಬೆಳಗ್ಗೆ ಬೆಂಗಳೂರು. ಶಿರಸಿಯವರಿಗೆ ರೈಲಿನ ಯೋಗ ಇಲ್ಲ, ರಾತ್ರಿ ಬಸ್ಸೇ ಗತಿ. ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೋ ಹತ್ತಿ ಮೂರನೇ ನಿಲ್ದಾಣಕ್ಕೆ ಇಳಿದರೆ ಕಬ್ಬನ್ ಪಾರ್ಕ್. ಮುಂಬೈ ಟೂರ್ನಿಗೆ ಹೋಗುವವರಿಗೆ ಕಾರವಾರದಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್.

ಫೈನಲ್ ದಿನ ಹೋಗಬೇಡಿ. ಅರ್ಹತಾ ಸುತ್ತಿನ ದಿನ ಅಥವಾ ಮಂಗಳವಾರ, ಬುಧವಾರ ಹೋಗಿ. ಫೈನಲ್ ದಿನ ಸಿಗೋದು ಒಂದೇ ಸಿಂಗಲ್ಸ್ ಪಂದ್ಯ, ಜೊತೆಗೆ ಭಾಷಣ. ಮಂಗಳವಾರ ಹೋದರೆ ನಾಲ್ಕೈದು ಕೋರ್ಟ್‌ಗಳಲ್ಲಿ ಒಟ್ಟಿಗೇ ಆಟ, ಒಂದರಿಂದ ಇನ್ನೊಂದಕ್ಕೆ ಓಡಾಡಬಹುದು. ನಾನು ಹೋದ ದಿನ ಟಿಕೆಟ್ ಕೂಡ ಇರಲಿಲ್ಲ, ನೋಡುವವರು ಮೂವತ್ತು ಜನ ಇದ್ದರೆ ಜಾಸ್ತಿ. ಟೋಪಿ, ನೀರು, ಕೂರೋಕೆ ಒಂದು ಟವಲ್, ಮಡಚಿದ ಡ್ರಾ ಹಾಳೆ. ಒಂದು ಪಾಯಿಂಟ್ ನಡೆಯುವಾಗ ಏಳಬಾರದು, ಓಡಾಡಬಾರದು. ಅವರು ಬದಿ ಬದಲಾಯಿಸುವಾಗ ಒಂದೂವರೆ ನಿಮಿಷ ಸಿಗುತ್ತದೆ, ಆಗ ಜಾಗ ಬದಲಿಸಿ. ನನಗೆ ಇದು ಗೊತ್ತಿರಲಿಲ್ಲ. ಚಹಾ ಕುಡಿಯೋಕೆ ಅಂತ ಎದ್ದೆ, ಸರ್ವ್ ಮಾಡೋಕೆ ಚೆಂಡು ಪುಟಿಸ್ತಾ ಇದ್ದ ಹುಡುಗಿ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು, ಅಂಪೈರ್ ನೋಡಿದರು, ಆ ಮೂವತ್ತು ಜನವೂ ನೋಡಿದರು. ಅಲ್ಲೇ ಅರ್ಧ ಬಗ್ಗಿ ಕೂತೆ. ಚಹಾ ತಣ್ಣಗಾಗಿರಬೇಕು, ಯಾರದ್ದೋ.

ಹತ್ತಿರದಿಂದ ನೋಡುವಾಗ ಚೆಂಡನ್ನು ಹಿಂಬಾಲಿಸಬೇಡಿ, ಕುತ್ತಿಗೆ ನೋಯುತ್ತದೆ. ಒಬ್ಬಳನ್ನೇ ನೋಡಿ, ಒಂದು ಗೇಮ್ ಪೂರ್ತಿ. ಕಾಲು ನೋಡಿ, ಎದುರಿನವಳು ಹೊಡೆಯುವ ಮೊದಲೇ ಅದು ಹೇಗೆ ಪುಟ್ಟದಾಗಿ ಹಾರಿ ನೆಲಕ್ಕೆ ಬರುತ್ತದೆ ಅಂತ. ಎರಡನೇ ಸರ್ವ್ ನೋಡಿ. ಮೊದಲನೆಯದು ಎಲ್ಲರೂ ಜೋರಾಗಿ ಹೊಡೆಯುತ್ತಾರೆ, ಅದು ತಪ್ಪಿದ ಮೇಲೆ, ಸ್ಕೋರ್ 30-40 ಇರುವಾಗ, ಅಂದ್ರೆ ಇನ್ನೊಂದು ಪಾಯಿಂಟ್ ಹೋದರೆ ಗೇಮೇ ಹೋಗುವಾಗ, ಕೈ ಎಷ್ಟು ಬಿಗಿಯಾಗುತ್ತದೆ ಅನ್ನೋದು ಹತ್ತಡಿ ದೂರದಿಂದ ಕಣ್ಣಿಗೆ ಕಾಣುತ್ತದೆ. ಟೀವಿಯಲ್ಲಿ ಕಾಣಲ್ಲ.

ಹಾಳೆಯನ್ನು ಎಸೆಯಬೇಡಿ

ಟೂರ್ನಿ ಮುಗಿದ ಮೇಲೆ ಹಾಳೆಯ ಹಿಂದೆ, ಕ್ಯಾಲೆಂಡರ್‌ನ ತಾರೀಕುಗಳ ಮೇಲೆ, ಆಟ ನಡೆದ ತಿಂಗಳು, ವಾರ ದಪ್ಪಗೆ ಬರೆದು, ಸುರುಳಿ ಮಾಡಿ ಇಡಿ. ಮುಂದಿನ ವರ್ಷ ಅದೇ ವಾರ ತೆಗೆದು ಹೊಸ ಡ್ರಾ ಪಕ್ಕದಲ್ಲಿ ಹರಡಿ. ಯಾರ ಗೆರೆ ಹೋದ ಸಲ ಬಲಕ್ಕೆ ದೂರ ಹೋಗಿತ್ತೋ ಅವಳ ಸಾಲದ ಕಂತು ಈ ವಾರ. ಹೋದ ಸಲ ಮೊದಲ ಸುತ್ತಿಗೇ ನಿಂತವಳಿಗೆ ಕಳೆದುಕೊಳ್ಳೋಕೆ ಒಂದೇ ಅಂಕ, ಕೆಂಪು ಗೆರೆ ಅವಳ ಕೆಳಗೆ ಎಳೆಯಿರಿ. ನಾನಂತೂ ಹಾಗೇ ಆರಿಸೋದು.

ನನ್ನ ಸುರುಳಿಗಳು ಮೆತ್ತಿಯ ಮೇಲೆ, ಹೊಗೆ ತಾಗುವ ಜಾಗದಲ್ಲಿವೆ, ಇಲ್ಲದಿದ್ದರೆ ಮಳೆಗಾಲಕ್ಕೆ ಬೂಸಲು ಬರುತ್ತದೆ. ಕಳೆದ ತಿಂಗಳು ಒಂದು ಕಾಣೆಯಾಗಿತ್ತು. ಹುಡುಕಿದರೆ ಆಯಿ ಅದನ್ನು ಬಿಚ್ಚಿ ಹಪ್ಪಳದ ಡಬ್ಬದ ತಳಕ್ಕೆ ಹಾಸಿದ್ದಳು. "ಅದು ಸೋತಿದ್ದಲ್ದ ತಮಾ, ಮತ್ತೆಂತಕ್ಕೆ?" ಅಂದಳು. ಕರ್ಮನ್ ಹಾಳೆ ಅಲ್ಲ, ಪುಣ್ಯಕ್ಕೆ.